ಹಳದಿ ಬಾರದ ನಾಮಕರಣದ ಕಾಗದ

ಕಡೂರಿನ ಜೆರಾಕ್ಸ್ ಅಂಗಡಿಯಲ್ಲಿ ಫ್ಯಾನು ಮಧ್ಯಾಹ್ನವನ್ನು ಮೆಲ್ಲಗೆ ತಿರುವಿ ಹಾಕುತ್ತಿತ್ತು. ಪಹಣಿಯ ಪ್ರತಿ ತೆಗೆಸಲು ಬಂದ ವಜೀರ್ ಸಾಬರು ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಕಿವಿ ಮಾತ್ರ ಎಚ್ಚರವಾಗಿತ್ತು. ಅಂಗಡಿಯವನು ಕಂಪ್ಯೂಟರನ್ನು, ನಾಮಕರಣದ ಕಾಗದ ಮಾಡಿಸಲು ಬಂದಿದ್ದ ಸಂಗೀತಾಳಿಗೇ ಒಪ್ಪಿಸಿ ಊಟಕ್ಕೆ ಹೋಗಿದ್ದ. ಪಕ್ಕದಲ್ಲಿ ಅವಳ ತಾಯಿ ಮಲ್ಲಿಕಾಂಬ. ಪರದೆಯ ತುಂಬ ಹಳದಿ ಬೆಳಕು. ಪ್ರಿಂಟರಿನಿಂದ ಬಂದ ಹಾಳೆ ಬೆಳ್ಳಗೆ.

“ಇದೇನೇ, ಬಿಳೀ ಹಾಳೆ?”

“ವರ್ಡಲ್ಲಿ ಪೇಜಿಗೆ ಬಣ್ಣ ಹಾಕಿದೀನಮ್ಮ. ಪ್ರಿಂಟಲ್ಲಿ ಬರ್ತಿಲ್ಲ.”

“ನಿಮ್ಮಕ್ಕಂಗೆ ಎರಡು ಸಲ ಬಸ್ರು ನಿಂತಿದ್ದು ಹೋಗಿ, ಈಗ ಕೂಸು ಕೈಗೆ ಬಂದೈತೆ. ಅದರ ನಾಮಕರಣಕ್ಕೆ, ಯಾರೋ ತೀರ್ಕೊಂಡಂಗೆ ಬಿಳೀ ಕಾಗ್ದ ಹಂಚಕಾಗ್ತದೇನೇ?”

“ತಡೀಮ್ಮ. ಸೆಟ್ಟಿಂಗಲ್ಲಿ ಎಲ್ಲೋ ಇರುತ್ತೆ.”

“ಮೋಟ್ರು ಕೆಟ್ಟಾಗ ನಿಮ್ಮಪ್ಪನೂ ಇದನ್ನೇ ಅನ್ನಾದು.”

“ಸಿಕ್ತು. ಆಪ್ಷನ್ಸ್ ಒಳಗೆ ಡಿಸ್‌ಪ್ಲೇ. ಹಿನ್ನೆಲೆ ಬಣ್ಣಾನೂ ಪ್ರಿಂಟ್ ಮಾಡು ಅಂತ ಟಿಕ್ ಹಾಕ್ಬೇಕಿತ್ತು.”

“ಹೇಳ್ದೇ ಇದ್ರೆ ಮಾಡಾಕಿಲ್ವಾ ಅದು?”

“ಇಂಕು ಉಳಿಸೋಕಂತೆ.”

“ಜಿಪುಣ ಮುಂಡೇದು.”

ಪ್ರಿಂಟರು ಗುನುಗಿತು. ಎರಡನೆಯ ಹಾಳೆ, ಕನಸಿನಿಂದ ಏಳುವ ಹಾಗೆ, ನಿಧಾನವಾಗಿ ಹಳದಿಯಾಗಿ ಹೊರಬಂತು. ವಜೀರ್ ಸಾಬರು ಒಂದು ಕಣ್ಣು ತೆರೆದರು.

“ಸುತ್ತ ಅಂಚು ಬಿಳೀದೇ ಉಳೀತಲ್ಲೇ.”

“ಅಂಚಿನವರೆಗೂ ಬಣ್ಣ ಹಾಕೋಕೆ ಈ ಮಿಷಿನ್ನಿಗೆ ಬರಲ್ಲಮ್ಮ.”

ಮಲ್ಲಿಕಾಂಬ ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಸವರಿ ನೋಡಿದರು.

“ಹೋಗ್ಲಿ ಬಿಡು. ಅರಿಶಿನ ಹಚ್ಚಾಕೆ ಅಂತ ನಮಗೇ ಜಾಗ ಬಿಟ್ಟೈತೆ.”

ಬೇಕಾದಷ್ಟು ಪ್ರತಿ ತೆಗೆದು, ಊಟದಿಂದ ಬಂದ ಅಂಗಡಿಯವನಿಗೆ ದುಡ್ಡು ಕೊಟ್ಟು, ಹಾಳೆಗಳ ಕಟ್ಟನ್ನು ಕೂಸಿನಂತೆ ಎದೆಗವಚಿಕೊಂಡು ಅವರು ಮಗಳೊಂದಿಗೆ ಎಮ್ಮೆದೊಡ್ಡಿಯ ಬಸ್ಸಿನ ಕಡೆ ನಡೆದರು.