ಮಸಿ ನೋಡಿದವನು

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಟೀಚರಮ್ಮನಿಗೆ ಕಿವಿಯನ್ನೂ ಮುಚ್ಚಿಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಇಬ್ಬರು ಗಂಡಸರು. ಒಂದು ದನಿ ಒರಟು, ಇನ್ನೊಂದು ನಯ.

“ಭಾವ, ಪೇಪರ್ ಎಲ್ಲೂ ಹೋಗಲ್ಲ. ಅಚ್ಚು ನಿಲ್ಲುತ್ತೆ, ಅಷ್ಟೇ. ಇನ್ಮೇಲೆ ಎಲ್ಲಾ ಆನ್‌ಲೈನು.”

“ಅಚ್ಚು ಹಾಕೋನು ನಾನು. ನಾನೆಲ್ಲಿಗೆ ಹೋಗ್ಲಿ?”

“ಕಾಗದದ ಖರ್ಚು ಹೊರೋಕಾಗ್ತಿರಲಿಲ್ಲ. ಹಿಂಗಾದ್ರೆ ಪತ್ರಿಕೆಯಾದ್ರೂ ಉಳಿಯುತ್ತೆ.”

“ಉಳಿಯುತ್ತಾ?”

“ನೋಡ್ಬೇಕು.”

“ನೋಡ್ಬೇಕು ಅನ್ನೋದಕ್ಕೆ ನಮ್ಮನ್ನ ಬೀದಿಗೆ ಹಾಕಿದ್ರಿ.”

ನಯದ ದನಿ ಕೆಮ್ಮಿತು. “ಅಚ್ಚು ನಿಲ್ಲೋ ಸುದ್ದಿ ಮೊದಲನೇ ಪುಟದಲ್ಲೇ ಇತ್ತಲ್ಲ ಭಾವ. ಅಚ್ಚು ಹಾಕುವಾಗ ನೋಡಿರ್ತೀರಿ ಅಂದ್ಕೊಂಡೆ.”

“ಮೆಷಿನ್ ಮುಂದೆ ನಿಂತೋನು ಸುದ್ದಿ ಓದ್ತಾನೇನೋ? ಮಸಿ ನೋಡ್ತಾನೆ. ತಲೆಬರಹ ಮಸುಕಾಗಿದೆ ಅಂತ ನಾನೇ ಕಪ್ಪು ಏರಿಸಿದೆ. ಬೆಳಿಗ್ಗೆ ನಿಮ್ಮಕ್ಕ ಓದಿ ಹೇಳಿದ್ಮೇಲೇ ಗೊತ್ತಾಗಿದ್ದು, ಏನನ್ನ ಅಷ್ಟು ಚೆನ್ನಾಗಿ ಅಚ್ಚು ಹಾಕಿದೀನಿ ಅಂತ.”

“ಯಾರ ಹತ್ರಾನೂ ಬಾಯಿ ಬಿಡಬೇಡಿ ಅಂದಿದ್ರು ಮಾಲೀಕರು.”

“ಹಿಂದಿನ ದಿನ ನಮ್ಮನೇಲೇ ಉಂಡು ಹೋದ್ಯಲ್ಲೋ. ಉಣ್ಣೋಕೆ ಮಾತ್ರ ಬಾಯಿ ಬಿಟ್ಟೆ ನೀನು.”

ನರ್ಸ್ ಒರಟು ದನಿಯವನನ್ನು ಕರೆದಳು. ಬೆಂಚು ಕಿರುಗುಟ್ಟಿತು.

“ನಿಧಾನ ಭಾವ, ಮೆಟ್ಟಿಲಿದೆ. ನನ್ನ ಹಿಡ್ಕೊಳ್ಳಿ.”

“ಬೇಡ. ಆ ಸುದ್ದೀಗೆ ಬರೆದೋರ ಹೆಸರು ಹಾಕಿರಲಿಲ್ಲ. ನಿಮ್ಮಕ್ಕ ಅರ್ಧ ಓದಿ ಪೇಪರ್ ಮಡಚಿಟ್ಲು. ಧಾಟಿ ನೋಡಿ, ಇದು ನನ್ನ ತಮ್ಮ ಬರೆದಿದ್ದು ಅಂದ್ಲು.”

ಆಮೇಲೆ ಟೀಚರಮ್ಮನಿಗೆ ಕೇಳಿಸಿದ್ದು ಒಬ್ಬರ ಹೆಜ್ಜೆ ಮಾತ್ರ.