ಬಾವಿಯ ಮೇಲೆ ಹಾದುಹೋದ ಗೆರೆ

ಇದು ನಮ್ಮ ಪಕ್ಕದ ಮನೆಯ ಮೇಸ್ತ್ರಿಗೆ ಆದದ್ದು. ಎಲ್ಲೋ ಕೇಳಿದ್ದಲ್ಲ, ಕಟ್ಟಿ ಹೇಳುತ್ತಿರುವುದೂ ಅಲ್ಲ.

ಕತ್ತಲಾದ ಮೇಲೆ ಮೇಸ್ತ್ರಿ ಇಟ್ಟಿಗೆ ಗೂಡಿನ ಹಿಂದಿನ ಕಾಲುದಾರಿ ಹಿಡಿದ. ಮನೆಯ ಕಡೆ ಹೊರಟಿದ್ದ. ಕೈಯಲ್ಲಿ ಸೋಪಿನ ಡಬ್ಬಿಯಷ್ಟು ಒಂದು ರೇಡಿಯೊ ಪೆಟ್ಟಿಗೆ. ಹಲ್ಲು ಕಚ್ಚಿಕೊಂಡೇ ನಡೆಯುತ್ತಿದ್ದ. ಮುಂದೆ ಬಾವಿ... ಕಟ್ಟೆ ಇಲ್ಲದ ಬಾವಿ. ಅವನ ಹೆಂಡತಿಯನ್ನು ನುಂಗಿದ ಬಾವಿ.

ಅವಳು ಹೆರಿಗೆ ವಾರ್ಡಿನ ನರ್ಸು. ಪಾಳಿ ಮುಗಿಸಿ ಇದೇ ದಾರಿಯಲ್ಲಿ ಬರುತ್ತಿದ್ದಳು. ಈ ತಗ್ಗಿನಲ್ಲಿ ಮೊಬೈಲು ಸಿಗುವುದಿಲ್ಲ. ಅವಳ ತಮ್ಮನಿಗೆ ಹವ್ಯಾಸಿ ರೇಡಿಯೊ ಹುಚ್ಚು. ಅಕ್ಕನಿಗೂ ಪರೀಕ್ಷೆ ಕಟ್ಟಿಸಿ, ಲೈಸೆನ್ಸ್ ಕೊಡಿಸಿ, ಕೈಗೊಂದು ಪೆಟ್ಟಿಗೆ ಕೊಟ್ಟಿದ್ದ. ಎರಡು ನಿಮಿಷಕ್ಕೊಮ್ಮೆ ಅದು 'ಚಿರ್ರ್' ಅನ್ನುತ್ತದೆ. ಆ ಒಂದು ಚಿರ್ರಿನೊಳಗೆ ಅವಳ ಗುರುತಿನ ಹೆಸರು, ಇರುವ ಜಾಗ, ನಡೆಯುವ ವೇಗ ಎಲ್ಲ ಇರುತ್ತದೆ. ನೀರಿನ ಟ್ಯಾಂಕಿನ ಮೇಲಿನ ಯಂತ್ರ ಅದನ್ನು ಹಿಡಿದು ಮತ್ತೆ ಕೂಗುತ್ತದೆ. ತಮ್ಮನ ಕಂಪ್ಯೂಟರಿನ ನಕ್ಷೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಚುಕ್ಕೆಗೆ ಚುಕ್ಕೆ ಸೇರಿ ಗೆರೆ. ಹೆಂಡತಿ ಎಲ್ಲಿದ್ದಾಳೆ ಅಂತ ಆಕಾಶಕ್ಕೆಲ್ಲ ಗೊತ್ತು, ಊಟ ಎಷ್ಟೊತ್ತಿಗೆ ಅಂತ ಗಂಡನಿಗೇ ಗೊತ್ತಿಲ್ಲ ಅಂತ ಮೇಸ್ತ್ರಿ ಗೇಲಿ ಮಾಡುತ್ತಿದ್ದ.

ಆ ದಿನ ಕರೆಂಟು ಹೋಗಿ ದಾರಿಯೆಲ್ಲ ಕತ್ತಲು; ಟ್ಯಾಂಕಿನ ಯಂತ್ರ, ತಮ್ಮನ ಕಂಪ್ಯೂಟರು ಮಾತ್ರ ಬ್ಯಾಟರಿ ಮೇಲೆ ನಡೆಯುತ್ತಿದ್ದವು. ದಾರಿಯ ತಿರುವಿನಲ್ಲಿ ಒಂದು ಚುಕ್ಕೆ ಬಿತ್ತು. ಆಮೇಲೆ... ಇಲ್ಲ.

ತಾನೇ ಹಾರಿದಳು ಅಂತ ಗೂಡಿನ ಯಜಮಾನ ಸಾರಿಕೊಂಡು ಬಂದ. ಮನೆಯಲ್ಲಿ ಜಗಳ ಆಗಿರಬೇಕು, ದಂಡೆಯಲ್ಲಿ ನಿಂತು ಯೋಚನೆ ಮಾಡಿಯೇ ಹಾರಿದಳು ಅಂದ. ಬಾವಿ ಅವನದು. ರಾಶಿ ರಾಶಿ ಇಟ್ಟಿಗೆ ಸುಡುವವ. ನಾಲ್ಕು ಸಾಲು ಕಟ್ಟೆ ಕಟ್ಟಿಕೊಡುತ್ತೇನೆ, ಕೂಲಿ ಬೇಡ ಅಂತ ಮೇಸ್ತ್ರಿ ಮೊದಲೇ ಕೇಳಿದ್ದ. ನನ್ನ ಜಾಗ, ನನ್ನ ಬಾವಿ, ನಿನಗ್ಯಾಕಯ್ಯ ಅಂದಿದ್ದ ಯಜಮಾನ. ಈಗ ಹಾರಿದಳು ಅನ್ನುತ್ತಾನೆ. ಅಂಗಡಿಯವನೂ ಅದನ್ನೇ ಅಂದ. ಅವಳು ಹೆರಿಗೆ ಮಾಡಿಸಿದ ಮನೆಯವರೂ ಅದನ್ನೇ ಅಂದರು. ಮೇಸ್ತ್ರಿಗೆ ಮೈಯೆಲ್ಲ ಉರಿ. ಹೋದವಳು ಬರುವುದಿಲ್ಲ. ಹಾರಿದವಳು ಅಂತ ಮಾತ್ರ ಅನ್ನಿಸಿಕೊಳ್ಳಬಾರದು. ಅವನಿಗೆ ಬೇಕಾದ್ದು ಅಷ್ಟೇ.

ಬಾಮೈದ ಒಂದು ಉಪಾಯ ಹೇಳಿದ. ಅಕ್ಕ ಮೊದಮೊದಲು ಕಲಿತ ಹಳೇ ಪೆಟ್ಟಿಗೆ ಇದೆ, ಅದನ್ನು ಹಿಡಿದು ಅವಳ ನಡಿಗೆಯಲ್ಲೇ ನಡೆಯಿರಿ ಭಾವ ಅಂದ. ತಿರುವಿನಿಂದ ಬಾವಿಗೆ ಹೆಚ್ಚುಕಮ್ಮಿ ಎರಡು ನಿಮಿಷ ಹಿಡಿದರೆ ಸಾಕು. ದಂಡೆಯಲ್ಲಿ ನಿಂತಿದ್ದರೆ ಅಲ್ಲೊಂದು ಚುಕ್ಕೆ ಬೀಳಬೇಕಿತ್ತು, ಬಿದ್ದಿಲ್ಲ; ಅಂದರೆ ಅಕ್ಕ ನಿಲ್ಲದೆ, ನಡೆಯುತ್ತಲೇ ಬಾವಿಗೆ ಬಿದ್ದಳು ಅಂತ ಆಗುತ್ತದೆ. ಆದರೆ ಮೊದಲು ಪೆಟ್ಟಿಗೆಯೊಳಗಿನ ಅಕ್ಕನ ಹೆಸರು ತೆಗೆದು ನನ್ನದು ಹಾಕಿ, ಇಲ್ಲದಿದ್ದರೆ ಎಲ್ಲ ಹಾಳು ಅಂತ ಎರಡೆರಡು ಸಲ ಹೇಳಿದ.

ಪೆಟ್ಟಿಗೆಯ ಒತ್ತುಗುಂಡಿ ಸಣ್ಣವು. ಮೇಸ್ತ್ರಿಯ ಬೆರಳು ಸಿಮೆಂಟು ತಿಂದು ದಪ್ಪಗಾದವು. ಒತ್ತಿ ಒತ್ತಿ ಸಿಟ್ಟು ನೆತ್ತಿಗೇರಿತು. ಹೆಸರು ಯಾರದಾದರೇನು, ನಡೆಯುವವನು ನಾನು ತಾನೇ ಅಂತ ಹಾಗೇ ಹೊರಟುಬಿಟ್ಟ.

ತಿರುವು ಬಂತು. ಚಿರ್ರ್. ಪೆಟ್ಟಿಗೆಯ ಕೆಂಪು ದೀಪ ಹತ್ತಿ ಆರಿತು. ಕಾಲಡಿಯಲ್ಲಿ ಇಟ್ಟಿಗೆ ಚೂರು, ಚರಕ್... ಚರಕ್. ದಾರಿ ನೆಟ್ಟಗೆ ಬಾವಿಯ ಬಾಯಿಗೇ ಹೋಗುತ್ತದೆ. ಅಲ್ಲಿ ಎಡಕ್ಕೆ ಸುತ್ತಬೇಕು. ಸುತ್ತುತ್ತಿದ್ದ.

ಚಿರ್ರ್.

ಕೈ ನೋಡಿಕೊಂಡ. ದೀಪ ಹತ್ತಿರಲಿಲ್ಲ. ಶಬ್ದ ಬಂದದ್ದು ಕೆಳಗಿನಿಂದ... ನೀರಿಗೆ ಬಡಿದು, ಗೋಡೆಗೆ ಬಡಿದು ಮೇಲೆ ಬಂದ ಹಾಗೆ. ಅದಾದ ಮೇಲೆ ಅವನ ಪೆಟ್ಟಿಗೆ ಕೂಗಿತು, ದೀಪ ಹತ್ತಿತು.

"ಯಾರು?" ಅಂದ, ಪಿಸುದನಿಯಲ್ಲಿ.

ಒಂದಿಷ್ಟು ಹೊತ್ತು ಅಲ್ಲೇ ನಿಂತ. ಮತ್ತೆ ಚಿರ್ರ್... ಈ ಸಲ ಮುಂದಿನಿಂದ, ಮನೆಯ ದಿಕ್ಕಿನಿಂದ. ಅವನು ಓಡಲಿಲ್ಲ. ಸಿಟ್ಟಿನಲ್ಲಿದ್ದವನಿಗೆ ಹೆದರಿಕೆ ತಡವಾಗಿ ಬರುತ್ತದೆ.

ಸೀದಾ ಬಾಮೈದನ ಮನೆಗೆ ಹೋದ. ಬಾಮೈದ ಕಂಪ್ಯೂಟರಿನ ಮುಂದೆ ಬಿಳುಚಿಕೊಂಡು ಕೂತಿದ್ದ.

"ಭಾವ, ಅಕ್ಕನ ಹೆಸರು ತೆಗೀಲೇ ಇಲ್ವಾ?"

"ಆಗಲಿಲ್ಲ."

"ಕೆಡಿಸಿಬಿಟ್ರಿ. ಒಂದೇ ಹೆಸರಲ್ಲಿ ಎರಡು ಪೆಟ್ಟಿಗೆ ಕೂಗಿದ್ರೆ ಕಲಸಿಹೋಗುತ್ತೆ. ಯಾವುದು ಯಾರದು ಅಂತ ಹೇಗೆ ನಂಬಿಸೋದು?"

"ಎರಡನೇದು ಎಲ್ಲಿಂದ ಬಂತೋ?"

ಬಾಮೈದ ಕಪಾಟು ತೆಗೆದು ತೋರಿಸಿದ. ಬಾವಿಯಿಂದ ಎತ್ತಿದ ಪೆಟ್ಟಿಗೆ ಅಲ್ಲೇ ಇತ್ತು, ಬ್ಯಾಟರಿ ಇಲ್ಲದೆ, ಒಳಗೆಲ್ಲ ಪಾಚಿಗಟ್ಟಿ.

ನಕ್ಷೆಯಲ್ಲಿ ಒಂದು ಗೆರೆ ಬಾವಿಯನ್ನು ಸುತ್ತಿ ಬಂದಿತ್ತು. ಇನ್ನೊಂದು ಸುತ್ತಿರಲಿಲ್ಲ. ಅದರ ಒಂದು ಚುಕ್ಕೆ ಬಾವಿಯ ನಟ್ಟನಡುವೆ. ಆಮೇಲಿನದು ಹಾದಿಯಲ್ಲಿ. ಕೊನೆಯದು ಮೇಸ್ತ್ರಿಯ ಬಾಗಿಲಲ್ಲಿ. ಅಷ್ಟುದ್ದಕ್ಕೂ ಒಂದೇ ವೇಗ, ದಣಿದು ಮನೆಗೆ ಬರುವವಳ ವೇಗ. ಎಲ್ಲೂ ನಿಂತಿರಲಿಲ್ಲ.

ಬೆಳಗ್ಗೆ ಮೇಸ್ತ್ರಿ ನಕ್ಷೆ ತೋರಿಸಿ ನಡೆದದ್ದೆಲ್ಲ ಹೇಳಿದಾಗ ಗೂಡಿನ ಯಜಮಾನ ನಕ್ಕ. ಬಾವಿಯ ಹತ್ತಿರ ಹತ್ತು ಜನ ಸೇರಿದ್ದರು. ನೀನೇ ಅವಳ ಹೆಸರಲ್ಲಿ ನಡೆದು ನನಗೆ ನಕ್ಷೆ ತೋರಿಸ್ತೀಯಾ, ಗಾರೆ ಕಲಸೋದು ಬಿಟ್ಟು ನಾಟಕ ಕಲಿತಿದ್ದೀಯ ಅಂದ. ಕೆಲವರು ನಕ್ಕರು.

ಮೇಸ್ತ್ರಿ ಕೂಗಾಡಲಿಲ್ಲ.

"ಆಯ್ತು ಯಜಮಾನ್ರೇ, ನಾನೇ ನಡೆದೆ ಅನ್ನಿ. ಇದೇ ಗೆರೆ ಮೇಲೆ ನೀವೂ ಒಂದ್ಸಲ ನಡೆದುಬಿಡಿ. ಎಲ್ಲೂ ನಿಲ್ಲಬಾರದು, ಅಷ್ಟೇ."

ಎಲ್ಲರೂ ನೋಡುತ್ತಿದ್ದರು. ಯಜಮಾನ ತಿರುವಿನಿಂದ ಠೀವಿಯಲ್ಲೇ ಹೊರಟ. ದಂಡೆಗೆ ಬಂದ. ನಿಂತ.

"ನಿಂತ್ರಲ್ಲ?"

"ಬಾವಿ ಕಾಣ್ತಾ ಇದೆಯಲ್ಲೋ."

"ಅವಳಿಗೆ ಕಾಣಲಿಲ್ಲ."

ಆಮೇಲೆ ಯಾರೂ ನಗಲಿಲ್ಲ. ಮೇಸ್ತ್ರಿ ಆವತ್ತೇ ಗೂಡಿನಿಂದ ಇಟ್ಟಿಗೆ ಹೊತ್ತು ತಂದು ಕಟ್ಟೆ ಎಬ್ಬಿಸಿದ. ಯಾರನ್ನೂ ಕೇಳಲಿಲ್ಲ. ಯಜಮಾನ ತಡೆಯಲಿಲ್ಲ. ಹಾರಿದಳು ಅನ್ನುವ ಮಾತು ಅಲ್ಲಿಗೇ ನಿಂತಿತು.

ಆ ನಕ್ಷೆಯನ್ನು ನಾವೂ ನೋಡಿದೆವು. ಪ್ರತಿ ಚುಕ್ಕೆಯ ಜೊತೆ ಎತ್ತರವೂ ಬರುತ್ತದಂತೆ. ಉಳಿದವೆಲ್ಲ ನೆಲದ ಮಟ್ಟದಲ್ಲೇ ಇದ್ದವು. ಬಾವಿಯೊಳಗಿನದು ಮಾತ್ರ ನೆಲಕ್ಕಿಂತ ನಲವತ್ತು ಅಡಿ ಕೆಳಗಿತ್ತು. ಯಂತ್ರದ ತಪ್ಪಿರಬೇಕು ಅಂದ ಬಾಮೈದ. ಇರಬಹುದು. ಆದರೆ ನಾವು ಕಣ್ಣಾರೆ ಓದಿದ್ದು... ಅಷ್ಟು ಆಳದಲ್ಲೂ ನಡಿಗೆಯ ವೇಗ ಅದೇ ಇತ್ತು.