ಉಪಖಂಡ ಮುಗಿಯುವ ಜಾಗ

ಕೈ ಇಡಬೇಡ ಅಕ್ಕ, ಸಮುದ್ರ ಇನ್ನೂ ಒಣಗಿಲ್ಲ! ಹ್ಞಾ, ಈ ಕಡೆ ನಿಂತ್ಕೋ... ಯಾಕೆ ನಗ್ತೀಯ? ಮ್ಯೂಸಿಯಂನೋರು ಇಡೀ ಉಪಖಂಡವನ್ನ ಈ ಹಾಲ್‌ನೊಳಗೆ ಹಿಡಿಸು ಅಂದ್ರು, ಹಿಡಿಸಿದೀನಿ. ಬೆಟ್ಟ, ಹೊಳೆ, ಬಯಲು ಎಲ್ಲ ಈ ಕೈಯಲ್ಲೇ ಪ್ಲಾಸ್ಟರ್ ಕಲಸಿ ಮಾಡಿದ್ದು.

ಅದಿರಲಿ, ನಾಳೆ ಉದ್ಘಾಟನೆಗೆ ಅಮ್ಮನ್ನ ಕರ್ಕೊಂಡು ಬರಬೇಡ. ಜನ, ನೂಕುನುಗ್ಗಲು... ಕಣ್ಣು ಕಾಣದೋಳು ಬಂದು ಏನು ನೋಡ್ತಾಳೆ? ...ಗೊತ್ತು ಕಣೇ, ಮುಟ್ಟಿ ನೋಡ್ತಾಳೆ. 'ನಿನ್ನ ಊರನ್ನ ನಿನ್ನ ಬೆರಳಿಗೇ ಸಿಗೋ ಹಾಗೆ ಮಾಡ್ತೀನಿ' ಅಂತ ಅವಳಿಗೆ ಹೇಳಿದ್ದು ನಾನೇ. ನಾನೇನು ಮಾಡ್ಲಿ? ಎಲ್ಲ ಮ್ಯೂಸಿಯಂನೋರು ಕರೆಸಿದ ಆ ಪಂಡಿತರ ಕೆಲಸ!

ಉಪಖಂಡ ಅಂದ್ರೆ ಎಲ್ಲೀವರೆಗೆ ಅಂತ ತಿಂಗಳುಗಟ್ಟಲೆ ಜಗಳ ಆಡಿದ್ರು. ಸಮುದ್ರದ ಕಡೆ ಯಾರದೂ ತಕರಾರಿಲ್ಲ. ಸಮುದ್ರ ಯಾರ ಮಾತು ಕೇಳುತ್ತೆ! ಬೆಟ್ಟದ ಕಡೆ ಬಂತು ನೋಡು ರಗಳೆ... ಒಬ್ಬ ಶಿಖರಕ್ಕೇ ಮುಗೀತು ಅಂದ. ಇನ್ನೊಬ್ಬ, ಹಳೇ ನಾಣ್ಯ ಸಿಕ್ಕ ಕಡೆಯೆಲ್ಲ ನಮ್ಮದೇ ಅಂದ. ಒಬ್ಬ ಮೇಡಂ, ಗೆರೆ ಬಿಡಿ, ಜನ ಓಡಾಡಿದ ದಾರಿ ನೋಡಿ ಅಂದ್ರು. ಟೀ ಆರಿಹೋಯ್ತು, ಗೆರೆ ಮಾತ್ರ ಸಿಗಲಿಲ್ಲ. ಕೊನೆಗೆ ಈ ಕಣಿವೆ ದಾರಿಗೆ ನಿಲ್ಲಿಸು ಅಂದ್ರು. ಇದರಾಚೆ ಬರೀ ಹಲಗೆ.

ಗೋಡೆ ಮೇಲೆ ಏನು ಬರೆಸಿದಾರೆ ಓದು. 'ಈ ದಾರಿಯಲ್ಲಿ ಬಂದವರೆಲ್ಲ ಸೇರಿ ಈ ನಾಡಿನ ಚರಿತ್ರೆಯಾದರು.' ಕುದುರೆ ಹತ್ತಿ ಕತ್ತಿ ಹಿರಿದು ಬಂದೋರೆಲ್ಲ ಚರಿತ್ರೆಯಂತೆ! ನಮ್ಮಮ್ಮ ಅವಳಪ್ಪನ ಹೆಗಲ ಮೇಲೆ ಕೂತು ಅದೇ ದಾರೀಲಿ ಬಂದ್ಲು. ಅವಳು ಮಾತ್ರ ಆಚೆಯೋಳು. ಇಷ್ಟು ವರ್ಷ ಆದ್ಮೇಲೂ ಆಚೆಯೋಳೇ! ಶಾಲೇಲಿ ನಮ್ಮನ್ನೂ ಬಿಡಲಿಲ್ಲವಲ್ಲ, 'ಆಚೆಯೋಳ ಮಕ್ಕಳು' ಅಂತ... ನೀನು ಹೊಡೆದು ಬರ್ತಿದ್ದೆ. ನಾನು ಅತ್ತು ಬರ್ತಿದ್ದೆ.

ಯಾಕೆ ಕಣ್ಣು ಮುಚ್ಕೊಂಡೆ? ಓ, ಅಮ್ಮನ ಹಾಗೆ ನೋಡ್ತೀಯಾ? ನೋಡು, ನೋಡು. ಹೊಳೆ ಹಿಡ್ಕೊಂಡು ಮೇಲೆ ಹೋಗು... ಹ್ಞೂ, ಏರು... ಅದೇ ಕಣಿವೆ ಬಾಯಿ... ಸಾಕು. ಸಾಕು ಅಂದೆ! ಮುಂದೆ ಏನಿಲ್ಲ.

ಅದಾ? ಅದು... ಉಳಿ ತಾಗಿದ ಗುರುತು. ಬಡಗಿ ಹಲಗೆ ನುಣುಪು ಮಾಡಿಲ್ಲ, ದರಿದ್ರದೋನು. ಉಗುರಲ್ಲಿ ಕೆರೀಬೇಡ ಅಕ್ಕ. ಪ್ಲಾಸ್ಟರ್ ಚೂರು ಎಲ್ಲಾ ಕಡೆ ಅಂಟಿರುತ್ತೆ...

ಬೆರಳು ತೆಗಿ ಅಲ್ಲಿಂದ.

ಬೈಯೋದಾದ್ರೂ ಬೈಯೇ!

...ಇತ್ತು. ಇಲ್ಲೇ ಇತ್ತು. ಅಮ್ಮ ಹೇಳ್ತಿದ್ದ ಹಾಗೇ ಮಾಡಿದ್ದೆ. ಎರಡು ತೊರೆ ಕೂಡೋ ಜಾಗ, ಮಲಗಿದ ನಾಯಿ ಥರದ ಗುಡ್ಡ, ಅದರ ಬುಡದಲ್ಲಿ ಊರು. ಆ ಮೇಡಂ ಅದರ ಮೇಲೆ ಕೈಯಾಡಿಸಿ, 'ಇದು ಇರಲೇಬೇಕು' ಅಂದ್ರು. ಆಮೇಲೆ, 'ನಿಮ್ಮೋರು ಯಾರಾದ್ರೂ ಆ ಕಡೆಯೋರಾ?' ಅಂದ್ರು. ಅಷ್ಟೇ ಕೇಳಿದ್ದು. ಪ್ರೀತಿಯಿಂದಲೇ ಕೇಳಿದ್ದು. ಉಳಿದೋರೆಲ್ಲ ನನ್ನ ಕಡೆ ತಿರುಗಿದ್ರು ನೋಡು... ಮತ್ತೆ ಅದೇ ಶಾಲೆ ಅನ್ನಿಸ್ತು. 'ಇಲ್ಲಪ್ಪ, ನಮಗೂ ಆ ಕಡೆಗೂ ಏನು ಸಂಬಂಧ' ಅಂದುಬಿಟ್ಟೆ.

ಅವರೆಲ್ಲ ಊಟಕ್ಕೆ ಹೋದ್ರು. ನಾನು ಉಳಿ ತಗೊಂಡೆ. ಬಿರುಕು ಬಿಟ್ಟಿತ್ತು, ತೆಗೆದೆ ಅಂತ ಅವರಿಗೂ ಸುಳ್ಳು ಹೇಳಿದೆ. ಕಣಿವೆಗೆ ನಿಲ್ಲಿಸು ಅಂತಲೂ, ತೆಗಿ ಅಂತಲೂ ಯಾರೂ ಅನ್ನಲಿಲ್ಲ ಅಕ್ಕ. ಒಬ್ಬರೂ ಅನ್ನಲಿಲ್ಲ.

ಆಯ್ತು, ನಾಳೆ ಅವಳನ್ನ ಕರ್ಕೊಂಡೇ ಬಾ. ಅವಳ ಬೆರಳು ಇಲ್ಲಿಗೆ ಬಂದಾಗ ಪಂಡಿತರು ಕೀಳಿಸಿದ್ರು ಅಂತ ನೀನೇ ಹೇಳು. ನಿನ್ನ ಮಾತಾದ್ರೆ ಅವಳು ನಂಬ್ತಾಳೆ. ಹೇಳ್ತೀಯಲ್ಲ?

ಅಕ್ಕ... ಕಣ್ಣು ಬಿಡು ಅಕ್ಕ.